ಅಮ್ಮನ ತುರಿಮಣೆ ಮತ್ತು ಮೂರು ಮಿಲಿಮೀಟರಿನ ದಂಡಿ

ಅಪ್ಪ ಹೋದ ಮೇಲೆ ಅಮ್ಮ ತೀರ್ಥಹಳ್ಳಿಯ ಮನೆಗೆ ಬೀಗ ಹಾಕಿ ನಮ್ಮ ಡೊಂಬಿವಲಿಯ ಫ್ಲ್ಯಾಟಿಗೆ ಬಂದಾಗ ತಂದದ್ದು ಎರಡು ಟ್ರಂಕು ಮತ್ತು ಒಂದು ತುರಿಮಣೆ. ಟ್ರಂಕುಗಳಲ್ಲಿ ಏನಿದೆಯೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ತುರಿಮಣೆ ಮಾತ್ರ ಬಂದ ದಿನವೇ ಅಡುಗೆಮನೆಯ ಮೂಲೆ ಹಿಡಿಯಿತು. ಅಮ್ಮನ ಮದುವೆಯಾದ ವರ್ಷ ಊರಿನ ಆಚಾರಿಯೊಬ್ಬರು ಮಾಡಿಕೊಟ್ಟದ್ದು. ಈಗ ಅವರೂ ಇಲ್ಲ, ಅವರ ಕುಲುಮೆಯೂ ಇಲ್ಲ.

ಕಳೆದ ಶ್ರಾವಣದ ಹೊತ್ತಿಗೆ ಅದರ ಹಲ್ಲು ಮೊಂಡಾಗಿತ್ತು. ಹಲ್ಲು ಕಚ್ಚದಿದ್ದರೆ ಕೈ ಹೆಚ್ಚು ಒತ್ತುತ್ತದೆ, ಒತ್ತಿದರೆ ಕಾಯಿ ಜಾರುತ್ತದೆ. ಒಂದು ದಿನ ಹಾಗೆ ಜಾರಿ ಅಮ್ಮನ ಹೆಬ್ಬೆರಳಿಗೆ ಸರಿಯಾಗಿಯೇ ಗಾಯವಾಯಿತು. ‘ತುರಿದ ಕಾಯಿ ಪ್ಯಾಕೆಟ್ಟಿನಲ್ಲೇ ಸಿಗುತ್ತದಲ್ಲಮ್ಮ’ ಅಂದೆ. ‘ಅದು ಕಾಯಿಯಾ?’ ಅಂದರು. ಬಿಲ್ಡಿಂಗಿನ ಕೆಳಗೆ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬರುವ ಧಾರ್‌ವಾಲಾನಿಗೆ ತೋರಿಸಿದೆ. ಚಾಕು, ಕತ್ತರಿ ಎಲ್ಲ ಆಗುತ್ತದೆ, ಇದರ ಹಲ್ಲಿನ ಸಂದಿಗೆ ನನ್ನ ಚಕ್ರ ಇಳಿಯುವುದಿಲ್ಲ ಎಂದು ವಾಪಸ್ ಕೊಟ್ಟ.

ಆಗ ನೆನಪಾದದ್ದು ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ರೋಟರಿ ಟೂಲ್. ಕೈಯಲ್ಲಿ ಹಿಡಿಯುವ, ದಪ್ಪ ಟಾರ್ಚಿನಂಥ ಪುಟ್ಟ ಯಂತ್ರ. ಮೂತಿಗೆ ಬೇಕಾದ ಬಿಟ್ ಸಿಕ್ಕಿಸಿ ಕೊರೆಯಬಹುದು, ಉಜ್ಜಬಹುದು, ಕತ್ತರಿಸಬಹುದು, ಹೊಳಪು ಕೊಡಬಹುದು. ನಮ್ಮಲ್ಲಿ ಅನೇಕರು ಲಾಕ್‌ಡೌನಿನಲ್ಲಿ ಇದನ್ನು ತರಿಸಿಕೊಂಡು, ಎರಡು ಭಾನುವಾರ ಆಡಿ ಒಳಗಿಟ್ಟವರೇ. ನಾನೂ ಹಾಗೇ. ಹೆಸರಿಲ್ಲದ ಅಗ್ಗದ ಯಂತ್ರ, ಜೊತೆಗೆ ಇನ್ನೂರು ಚಿಲ್ಲರೆ ತುಂಡುಗಳಿದ್ದ ಪ್ಲಾಸ್ಟಿಕ್ ಪೆಟ್ಟಿಗೆ. ಆ ಇನ್ನೂರು ನೋಡಿಯೇ ಮರುಳಾಗಿ ಕೊಂಡಿದ್ದೆ.

ಪೆಟ್ಟಿಗೆಯಿಂದ ಕಂದುಬಣ್ಣದ ತೆಳು ಕಟಿಂಗ್ ಡಿಸ್ಕ್ ತೆಗೆದು ಹಲ್ಲಿನ ಸಂದಿ ಆಳ ಮಾಡಲು ಹೊರಟೆ. ಸ್ವಲ್ಪ ಓರೆ ಒತ್ತಿದೆ ಅಷ್ಟೆ. ಪಟ್ ಎಂದಿತು. ಡಿಸ್ಕ್ ಇರಲಿಲ್ಲ. ಕನ್ನಡಕದ ಎಡಗಾಜಿನ ಮೇಲೆ ಉದ್ದ ಗೀರು, ಒಂದು ಚೂರು ಪರದೆ ಹರಿದು ಬಾಲ್ಕನಿಯಲ್ಲಿ ಬಿದ್ದಿತ್ತು. ಬ್ಯಾಂಕಿನಲ್ಲಿ ಲೆಕ್ಕ ನೋಡುವವನಾದ್ದರಿಂದ ರಾತ್ರಿ ಕೂತು ಲೆಕ್ಕ ಹಾಕಿದೆ. 38 ಮಿ.ಮೀ. ಅಗಲದ ಡಿಸ್ಕ್ ನಿಮಿಷಕ್ಕೆ 30,000 ಸುತ್ತು ಸುತ್ತಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 60 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 215 ಕಿಲೋಮೀಟರ್. ನಂಬರಿನ ಕನ್ನಡಕ ಇಲ್ಲದವನಾಗಿದ್ದರೆ ಈ ಲೇಖನ ಬರೆಯುವ ಹೊತ್ತಿಗೆ ನನಗೆ ಒಂದೇ ಕಣ್ಣು.

ಅಷ್ಟಕ್ಕೂ ಬುದ್ಧಿ ಬರಲಿಲ್ಲ. ಮರುದಿನ ಶಂಕುವಿನಾಕಾರದ ಸಾಣೆಕಲ್ಲಿನ ಬಿಟ್ ಹಾಕಿದೆ. ಯಂತ್ರ ಗಡಗಡ ನಡುಗಿತು. ನಡುಗದಿರಲೆಂದು ಬಲವಾಗಿ ಒತ್ತಿದೆ. ಮೂರು ಹಲ್ಲು ಮುಗಿಯುವಷ್ಟರಲ್ಲಿ ಅವುಗಳ ತುದಿ ನವಿಲುಗರಿಯ ಹಾಗೆ ನೀಲಿಯಾಯಿತು. ಅಮ್ಮ ಬಂದು ನೋಡಿ, ‘ಸುಟ್ಟೆಯಲ್ಲೋ ಮಾರಾಯ’ ಎಂದಷ್ಟೇ ಹೇಳಿ ಒಳಗೆ ಹೋದರು. ಆಚಾರಿ ಹದ ಹಾಕಿದ ಉಕ್ಕಿಗೆ ಸುಮಾರು 300 ಡಿಗ್ರಿ ಬಿಸಿ ತಾಕಿದರೆ ಹೀಗೆ ನೀಲಿ ಏರುತ್ತದೆ, ಹದ ಇಳಿದು ತುದಿ ಮೆದುವಾಗುತ್ತದೆ ಎಂದು ಆಮೇಲೆ ತಿಳಿಯಿತು.

ಶನಿವಾರ ಯಂತ್ರವನ್ನೂ ಪೆಟ್ಟಿಗೆಯನ್ನೂ ಚೀಲಕ್ಕೆ ತುಂಬಿ ಲೋಕಲ್ ಹತ್ತಿದೆ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ನಾಗದೇವಿ ಸ್ಟ್ರೀಟ್. ಬೆಂಗಳೂರಿನ ಎಸ್.ಪಿ. ರಸ್ತೆ ಕಂಡವರಿಗೆ ಅಂದಾಜಾದೀತು: ಬೇರಿಂಗು, ಬೆಲ್ಟು, ಸ್ಪ್ಯಾನರು, ಕೈಗಾಡಿ, ಬೈಗುಳ. ದೆಹಲಿಯವರಿಗೆ ಚಾವ್ಡಿ ಬಜಾರ್, ಸಿಕಂದರಾಬಾದಿನವರಿಗೆ ರಾಣಿಗಂಜ್ ಇದ್ದಂತೆ ನಮಗೆ ಇದು. ಒಂದು ಕಿರಿದಾದ ಅಂಗಡಿಯಲ್ಲಿ ಹಿರಿಯರೊಬ್ಬರು ನನ್ನ ಕಥೆ ಪೂರ್ತಿ ಕೇಳದೆ, ‘ದಾಂಡಿ ಕಿತನೀ ಮೋಟೀ ಹೈ?’ ಎಂದರು. ದಂಡಿ ಎಷ್ಟು ದಪ್ಪ? ನನಗೇನು ಗೊತ್ತು! ಅವರೇ ವರ್ನಿಯರ್ ಹಿಡಿದು ಅಳೆದು ತೋರಿಸಿದರು. ನನ್ನ ಸಾಣೆಕಲ್ಲಿನ ದಂಡಿ 3 ಮಿ.ಮೀ. ಅದನ್ನು ಹಿಡಿದಿದ್ದ ಕಾಲೆಟ್ 3.2 ಮಿ.ಮೀ.

ಇಡೀ ಕಥೆ ಆ ಕಾಲು ಮಿಲಿಮೀಟರಿಗೂ ಕಡಿಮೆ ಸಂದಿನಲ್ಲಿತ್ತು. ಕಾಲೆಟ್ ಅಂದರೆ ಯಂತ್ರದ ಮೂತಿಯಲ್ಲಿ ನಟ್ಟಿನೊಳಗೆ ಕೂತು ಬಿಟ್ಟಿನ ದಂಡಿಯನ್ನು ಸುತ್ತಲೂ ಅಮುಕಿ ಹಿಡಿಯುವ, ಸೀಳು ಬಿಟ್ಟ ಪುಟ್ಟ ಲೋಹದ ಕೊಳವೆ. ದಂಡಿಯ ಅಳತೆಗೆ ಸರಿಯಾಗಿದ್ದರೆ ಮಾತ್ರ ಅದು ನೇರ ಹಿಡಿಯುತ್ತದೆ. ಇಲ್ಲವಾದರೆ ಬಿಟ್ ನಡುವಿನಿಂದ ಕೂದಲೆಳೆ ಸರಿದು ತಿರುಗುತ್ತದೆ. ಕೈಯಲ್ಲಿ ಹಿಡಿದಾಗ ಕಾಣದ ಆ ಕೂದಲೆಳೆ, ಮೂವತ್ತು ಸಾವಿರ ಸುತ್ತಿನಲ್ಲಿ ಗಡಗಡ ಆಗುತ್ತದೆ, ಶಾಖ ಆಗುತ್ತದೆ, ಒಳಗಿನ ಬೇರಿಂಗನ್ನೂ ತಿನ್ನುತ್ತದೆ.

ಅಳತೆಗಳ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಣ ಕಳೆದುಕೊಳ್ಳುವುದು ಇಲ್ಲೇ. ಡ್ರೆಮೆಲ್ ಕಂಪನಿ 1932ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, 1993ರಿಂದ ಬಾಷ್ ಕೈಯಲ್ಲಿದೆ. ಇಂಚಿನ ನಾಡಿನದಾದ್ದರಿಂದ ಅದರ ಮುಖ್ಯ ದಂಡಿ ಇಂಚಿನ ಎಂಟನೇ ಒಂದು ಭಾಗ, ಅಂದರೆ 3.2 ಮಿ.ಮೀ. ಅಗ್ಗದ ಸೆಟ್ಟುಗಳಲ್ಲಿ 3 ಮಿ.ಮೀ. ದಂಡಿಯೂ 3.2ರದ್ದೂ ಬೆರೆತು ಬರುತ್ತವೆ. ದಂತವೈದ್ಯರ ಲ್ಯಾಬಿನವರು, ಅಕ್ಕಸಾಲಿಗರು ಬಳಸುವ ಬರ್‌ಗಳದ್ದು 2.35 ಮಿ.ಮೀ., ಅವಕ್ಕೆ 2.4ರ ಕಾಲೆಟ್ ಬೇಕು. ಜವೇರಿ ಬಜಾರಿನ ಅಕ್ಕಸಾಲಿ ಸಾಮಾನಿನ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುವ ಈ ಬರ್‌ಗಳು ಸೂಕ್ಷ್ಮ ಕೆಲಸಕ್ಕೆ ಬಹಳ ಚೆನ್ನ. ಡ್ರೆಮೆಲ್ ಕಾಲೆಟ್ಟುಗಳ ಹಿಂಬದಿಯಲ್ಲಿ ಉಂಗುರದಂಥ ಗೆರೆಗಳಿರುತ್ತವೆ: ಗೆರೆಯಿಲ್ಲದ್ದು 3.2, ಮೂರು ಗೆರೆ 2.4, ಎರಡು ಗೆರೆ 1.6, ಒಂದೇ ಗೆರೆ 0.8. ನಟ್ಟಿನದ್ದು ಇನ್ನೊಂದು ತಾಪತ್ರಯ. ನೋಡಲು ಒಂದೇ ಥರ ಇದ್ದರೂ ಮರೆಯ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಫೋಟೋ ನೋಡಿ ಆರ್ಡರ್ ಮಾಡಬೇಡಿ, ಹಳೆಯ ನಟ್ ಜೇಬಿನಲ್ಲಿಟ್ಟುಕೊಂಡು ಅಂಗಡಿಗೇ ಹೋಗಿ, ಕೈಯಲ್ಲಿ ತಿರುಗಿಸಿ ನೋಡಿ.

ನನ್ನ ಪೆಟ್ಟಿಗೆಯನ್ನು ಹಿರಿಯರು ಗಾಜಿನ ಕೌಂಟರಿನ ಮೇಲೆ ಸುರುವಿದರು. ಇನ್ನೂರರಲ್ಲಿ ಉಳಿದದ್ದು ಮೂವತ್ತು ದಾಟಲಿಲ್ಲ. ಕಂದು ಡಿಸ್ಕ್‌ಗಳನ್ನು ಮುಟ್ಟಲೇಬೇಡಿ, ಒಳಗೆ ನಾರಿನ ಬಲೆ ಇರುವುದನ್ನೇ ತೆಗೆದುಕೊಳ್ಳಿ, ಕತ್ತರಿಸುವ ಡಿಸ್ಕಿನ ಪಕ್ಕದಿಂದ ಯಾವತ್ತೂ ಉಜ್ಜಬೇಡಿ ಎಂದರು. ಪ್ಯಾಕೆಟ್ಟಿನ ಮೇಲೆ ಗರಿಷ್ಠ ಸುತ್ತು ಅಚ್ಚಾಗಿಲ್ಲದ ಡಿಸ್ಕನ್ನು ನಾನು ಈಗ ಕೊಳ್ಳುವುದೇ ಇಲ್ಲ. ತಂತಿ ಬ್ರಷ್ ಕೂಡ ಹಾಗೆಯೇ, ಡ್ರೆಮೆಲ್ ತನ್ನ ತಂತಿ ಬ್ರಷ್‌ಗಳಿಗೆ 15,000 ಸುತ್ತಿನ ಮಿತಿ ಹಾಕಿದೆ. ಮೀರಿದರೆ ತಂತಿಗಳು ಸೂಜಿಯಂತೆ ಹಾರುತ್ತವೆ.

ವಜ್ರದ ಪುಡಿ ಅಂಟಿಸಿದ ಬಿಟ್ಟುಗಳ ಮೇಲೆ ನನಗೆ ಬಹಳ ಆಸೆಯಿತ್ತು. ವಜ್ರ ಅಲ್ಲವೇ, ಕಬ್ಬಿಣ ಯಾವ ಲೆಕ್ಕ! ಆದರೆ ಕಾದ ಉಕ್ಕು ವಜ್ರವನ್ನೇ ತಿಂದುಬಿಡುತ್ತದೆ, ವಜ್ರದ ಇಂಗಾಲ ಕಬ್ಬಿಣದೊಳಗೆ ಇಳಿದು ಹೋಗುತ್ತದೆ. ಅವೇನಿದ್ದರೂ ಗಾಜು, ಟೈಲ್ಸ್, ಕಲ್ಲಿಗೆ. ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು. ಅದೇ ಕಲ್ಲನ್ನು ಅಲ್ಯೂಮಿನಿಯಂ ಪಾತ್ರೆಗೆ ಹಿಡಿದರೆ ಮೆದು ಲೋಹ ರಂಧ್ರಗಳಿಗೆ ಮೆತ್ತಿಕೊಂಡು ಕಲ್ಲು ಕೆಡುತ್ತದೆ. ಮರಕ್ಕೆ ಹಲ್ಲಿನ ಕಟ್ಟರ್ ಅಥವಾ ಮರಳುಕಾಗದದ ಡ್ರಮ್. ಇಷ್ಟು ತಿಳಿದರೆ ಮನೆಯ ಕೆಲಸಕ್ಕೆ ಹತ್ತು ಹನ್ನೆರಡು ಬಿಟ್ ಸಾಕು.

ಹೊರಡುವಾಗ ಅವರು ಯಂತ್ರವನ್ನು ಒಮ್ಮೆ ಚಾಲೂ ಮಾಡಿ ಕಿವಿಗೊಟ್ಟರು. ಪಕ್ಕದ ಎರಡು ಬಿರಡೆ ಬಿಚ್ಚಿ ಕಾರ್ಬನ್ ಹೊರತೆಗೆದರು. ಮೋಟರಿಗೆ ಕರೆಂಟು ದಾಟಿಸುವ ಈ ಪುಟ್ಟ ಇದ್ದಿಲ ತುಂಡುಗಳು ಸವೆಯಲೆಂದೇ ಇರುವಂಥವು. ಉದ್ದ 3 ಮಿ.ಮೀ.ಗಿಂತ ಕಡಿಮೆಯಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಇನ್ನೂ ಉದ್ದ ಇದ್ದರೆ ತೆಗೆದದ್ದನ್ನು ಅದೇ ಬದಿಗೆ, ಅದರ ಬಾಗು ಇದ್ದ ಹಾಗೇ ಕೂರಿಸಬೇಕು. ನನ್ನದರಲ್ಲಿ ಒಂದು ಅಂಚು ಒಡೆದು ಕಿಡಿ ಕಾರುತ್ತಿತ್ತು. ಹೊಸ ಜೊತೆಗೆ ಅರವತ್ತು ರೂಪಾಯಿ ಕೊಟ್ಟೆ. ಹಾಕಿದ ಮೇಲೆ ಕೆಲಸ ಹಚ್ಚದೆ ಕಡಿಮೆ ವೇಗದಲ್ಲಿ ಐದು ನಿಮಿಷ ಬರಿದೇ ಓಡಿಸಿ, ಇದ್ದಿಲು ಹೊಂದಿಕೊಳ್ಳಲಿ ಎಂದರು. ಯಂತ್ರ ಸತ್ತಿತೆಂದು ಹಳೆ ಸಾಮಾನಿನವನಿಗೆ ಕೊಟ್ಟುಬಿಡುವವರು ಮೊದಲು ಆ ಎರಡು ಬಿರಡೆ ಬಿಚ್ಚಿ ನೋಡಬೇಕು. ನನ್ನ ಪರಿಚಯದ ಇಬ್ಬರ ಯಂತ್ರ ಹೀಗೆ ಎದ್ದು ಕೂತಿವೆ.

ಭಾನುವಾರ ತುರಿಮಣೆಯನ್ನು ಮಣೆಗೆ ಬಟ್ಟೆ ಸುತ್ತಿ ಕ್ಲ್ಯಾಂಪಿನಲ್ಲಿ ಬಿಗಿದೆ. ಕಣ್ಣಿಗೆ ಗಾಗಲ್, ಮೂಗಿಗೆ ಮಾಸ್ಕ್. 3.2ರ ಕಾಲೆಟ್, 3.2ರ ದಂಡಿ. ದಂಡಿಯನ್ನು ಪೂರ್ತಿ ಒಳಗೆ ತಳ್ಳಿ ಕೂದಲಷ್ಟು ಹಿಂದೆಳೆದು ಬಿಗಿದೆ. ದಂಡಿ ಹೊರಗೆ ಉದ್ದ ಉಳಿದರೆ ವೇಗಕ್ಕೆ ಬಾಗಿಬಿಡುತ್ತದೆ. ವೇಗ ಕಡಿಮೆ ಇಟ್ಟು ಒಂದೊಂದು ಸಂದಿಗೆ ಎರಡು ಸೆಕೆಂಡು ಮಾತ್ರ ತಾಗಿಸಿ, ಒದ್ದೆ ಬಟ್ಟೆ ಮುಟ್ಟಿಸಿ, ಮುಂದಿನದಕ್ಕೆ ಹೋದೆ. ನಡುಕವೇ ಇರಲಿಲ್ಲ. ಒತ್ತುವ ಅಗತ್ಯವೂ ಬೀಳಲಿಲ್ಲ. ನೀಲಿಯಾದ ಮೂರು ಹಲ್ಲುಗಳ ಸುಟ್ಟ ತುದಿಯನ್ನು ಸವೆಸಿ ತೆಗೆದೆ. ಹಾಗಾಗಿ ಅವು ಉಳಿದವಕ್ಕಿಂತ ತುಸು ಗಿಡ್ಡವಾದವು. ಕೊನೆಯ ಮೊನೆಯನ್ನು ಅಮ್ಮ ಹೇಳಿದ ಪ್ರಕಾರ ಮೂರು ಮೂಲೆಯ ಅರದಿಂದ ಕೈಯಲ್ಲೇ ಉಜ್ಜಿದೆ. ‘ಆಚಾರ್ರೂ ಕೊನೆಗೆ ಅರವನ್ನೇ ಹಿಡಿಯುತ್ತಿದ್ದರು’ ಎಂದರು.

ಅವತ್ತು ಒಂದು ಹೋಳು ಕಾಯಿ ತುರಿದು ಅಮ್ಮ ಏನೂ ಹೇಳಲಿಲ್ಲ. ಎರಡನೆಯ ಹೋಳು ತೆಗೆದುಕೊಂಡರು. ಆ ಮೂರು ಗಿಡ್ಡ ಹಲ್ಲುಗಳು ಎಲ್ಲಿವೆಯೆಂದು ಈಗ ಅವರ ಕೈಗೆ ಗೊತ್ತು. ಕಾಯಿಯನ್ನು ಆ ಬದಿಗೆ ತಿರುಗಿಸುವುದಿಲ್ಲ.