ತೂಕಕ್ಕೆ ಮಿತಿಯಿರುವ ಆಟದಲ್ಲಿ ಕೋಚ್ ಆಗುವುದು ಹೇಗೆ?

ರೋಯಿಂಗ್ ದೊಡ್ಡ ಮೈಕಟ್ಟಿನವರಿಗೆ ಒಲಿಯುವ ಆಟ. ಕೈಕಾಲು ಉದ್ದವಿದ್ದಷ್ಟೂ ಹುಟ್ಟು ನೀರಿನೊಳಗೆ ಹೆಚ್ಚು ದೂರ ಸಾಗುತ್ತದೆ, ಮೈಯಲ್ಲಿ ಕಸುವಿದ್ದಷ್ಟೂ ಎಳೆತಕ್ಕೆ ಬಲ ಬರುತ್ತದೆ. ಅಮೆರಿಕದ ದೊಡ್ಡ ಕಾಲೇಜುಗಳ ಹೆವಿವೇಟ್ ದೋಣಿಗಳಲ್ಲಿ ಆರೂಕಾಲು ಅಡಿ ಎತ್ತರದ, 90 ಕೆ.ಜಿ. ತೂಗುವ ಹುಡುಗರು ಸಾಮಾನ್ಯ. ಅಷ್ಟು ಎತ್ತರ, ತೂಕ ಇಲ್ಲದವರಿಗೂ ಅವಕಾಶ ಸಿಗಲೆಂದು ಇರುವುದೇ ಲೈಟ್‌ವೇಟ್ ವಿಭಾಗ. ಅಲ್ಲಿನ ಕಾಲೇಜು ನಿಯಮದ ಪ್ರಕಾರ ಪುರುಷರಲ್ಲಿ ಯಾರೂ 160 ಪೌಂಡ್, ಅಂದರೆ ಸುಮಾರು 72.6 ಕೆ.ಜಿ. ದಾಟುವಂತಿಲ್ಲ. ದೋಣಿಯಲ್ಲಿ ಹುಟ್ಟು ಹಾಕುವ ಎಂಟೂ ಮಂದಿಯ ಸರಾಸರಿ 155 ಪೌಂಡ್ ಮೀರುವಂತಿಲ್ಲ. ಮಹಿಳೆಯರಿಗೆ ಮಿತಿ 130 ಪೌಂಡ್, ಅಂದಾಜು 59 ಕೆ.ಜಿ.

ಎಲ್ಲರ ತೂಕವೂ ಒಂದೇ ಮಿತಿಗೆ ಬಂದು ನಿಂತ ಮೇಲೆ ಒಂದು ದೋಣಿ ಇನ್ನೊಂದಕ್ಕಿಂತ ಮುಂದೆ ಹೋಗುವುದು ಹೇಗೆ? ಬಹುಮಟ್ಟಿಗೆ ತರಬೇತಿಯಿಂದ. ಹಾಗಾಗಿ ಕೋಚ್‌ನ ಕೈಚಳಕ ಎದ್ದು ಕಾಣುವುದು ಈ ವಿಭಾಗದಲ್ಲೇ. ಆದರೆ ಇಲ್ಲಿರುವಷ್ಟು ಕಡಿಮೆ ಹುದ್ದೆಗಳು ಕಾಲೇಜು ರೋಯಿಂಗ್‌ನ ಬೇರೆ ಯಾವ ವಿಭಾಗದಲ್ಲೂ ಇಲ್ಲ. ಈ ವೃತ್ತಿಯ ಸೊಗಸು, ಸಂಕಟ ಎರಡೂ ಇರುವುದು ಇಲ್ಲೇ.

ಹುದ್ದೆಗಳು ಎಲ್ಲಿವೆ?

ಪುರುಷರ ಪೂರ್ಣ ಪ್ರಮಾಣದ ಲೈಟ್‌ವೇಟ್ ತಂಡಗಳು ಹತ್ತರ ಆಸುಪಾಸು ಮಾತ್ರ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕಾರ್ನೆಲ್, ಕೊಲಂಬಿಯಾ, ಪೆನ್, ಡಾರ್ಟ್‌ಮತ್ ಎಂಬ ಐವಿ ಲೀಗ್ ವಿಶ್ವವಿದ್ಯಾಲಯಗಳ ಜೊತೆಗೆ ಎಂಐಟಿ, ನೌಕಾ ಅಕಾಡೆಮಿ, ಜಾರ್ಜ್‌ಟೌನ್ ಸೇರುತ್ತವೆ. ಬಹುತೇಕ ಎಲ್ಲವೂ ಪೂರ್ವ ಕರಾವಳಿಯವು. ಒಂದೊಂದು ತಂಡಕ್ಕೆ ಒಬ್ಬ ಮುಖ್ಯ ಕೋಚ್, ಒಬ್ಬರೋ ಇಬ್ಬರೋ ಸಹಾಯಕರು. ಲೆಕ್ಕ ಹಾಕಿದರೆ ಇಡೀ ದೇಶದ ಹುದ್ದೆಗಳು ಒಂದು ಸಣ್ಣ ಮದುವೆ ದಿಬ್ಬಣದ ಬಸ್ಸಿನಲ್ಲಿ ಕೂತುಬಿಡುತ್ತವೆ!

ಮಹಿಳೆಯರ ಲೈಟ್‌ವೇಟ್ ತಂಡಗಳು ಇನ್ನೂ ಕಡಿಮೆ. ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಹಾರ್ವರ್ಡ್–ರ‍್ಯಾಡ್‌ಕ್ಲಿಫ್ ತಂಡಗಳು ಇವುಗಳಲ್ಲಿ ಹೆಸರು ಮಾಡಿದವು. ಕಾರಣ ಸರಳ. ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 1997ರಲ್ಲಿ ಮಹಿಳಾ ರೋಯಿಂಗ್ ಚಾಂಪಿಯನ್‌ಷಿಪ್ ಆರಂಭಿಸಿದಾಗ ಅದರಲ್ಲಿ ತೂಕದ ವಿಭಾಗವನ್ನೇ ಇಡಲಿಲ್ಲ. ಕ್ರೀಡೆಯಲ್ಲೂ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆನ್ನುವ 1972ರ ಟೈಟಲ್ ನೈನ್ ಕಾನೂನಿನಿಂದಾಗಿ ಕಾಲೇಜುಗಳು ದೊಡ್ಡ ದೊಡ್ಡ ಮಹಿಳಾ ತಂಡಗಳನ್ನು ಕಟ್ಟಿದವು. ಆ ಹಣ, ವಿದ್ಯಾರ್ಥಿವೇತನ, ಕೋಚ್ ಹುದ್ದೆ ಎಲ್ಲವೂ ತೂಕದ ಮಿತಿಯಿಲ್ಲದ ದೋಣಿಗಳಿಗೇ ಹೋದವು. ಪುರುಷರ ರೋಯಿಂಗ್ ಅನ್ನಂತೂ ಎನ್‌ಸಿಎಎ ನಡೆಸುವುದೇ ಇಲ್ಲ. 1946ರಲ್ಲಿ ಶುರುವಾದ ಈಸ್ಟರ್ನ್ ಸ್ಪ್ರಿಂಟ್ಸ್ ಮತ್ತು ವರ್ಷದ ಕೊನೆಯ ಐಆರ್‌ಎ ರಿಗಾಟಾ, ಇವೆರಡೇ ಲೈಟ್‌ವೇಟ್ ಪುರುಷರ ದೊಡ್ಡ ಹಬ್ಬಗಳು. ಸ್ಪ್ರಿಂಟ್ಸ್‌ನಲ್ಲಿ ಎಲ್ಲ ದೋಣಿಗಳ ಅಂಕ ಕೂಡಿಸಿ ಕೊಡುವ ಜೋಪ್ ಕಪ್ ಕೋಚ್‌ಗಳಿಗೆ ಬಲು ಮುಖ್ಯ. ಮೊದಲ ದೋಣಿಯೊಂದೇ ಅಲ್ಲ, ತಂಡದ ಆಳವೂ ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿ.

ಇರುವ ಹುದ್ದೆಗಳೂ ಗಟ್ಟಿ ಎನ್ನುವಂತಿಲ್ಲ. ರಟ್ಗರ್ಸ್ ವಿಶ್ವವಿದ್ಯಾಲಯ ತನ್ನ ಪುರುಷರ ಹೆವಿವೇಟ್, ಲೈಟ್‌ವೇಟ್ ತಂಡಗಳೆರಡನ್ನೂ ಕೈಬಿಡುವುದಾಗಿ 2006ರಲ್ಲಿ ಪ್ರಕಟಿಸಿತು. 2020ರ ಜುಲೈನಲ್ಲಿ ಡಾರ್ಟ್‌ಮತ್ ಪುರುಷರ ಲೈಟ್‌ವೇಟ್ ತಂಡವನ್ನು, ಸ್ಟ್ಯಾನ್‌ಫರ್ಡ್ ಮಹಿಳೆಯರ ಲೈಟ್‌ವೇಟ್ ತಂಡವನ್ನು ಮುಚ್ಚುವ ಪಟ್ಟಿಗೆ ಸೇರಿಸಿದವು. ಮರುವರ್ಷ ಎರಡೂ ಕಡೆ ನಿರ್ಧಾರವನ್ನು ಹಿಂಪಡೆದರು. ಆದರೂ ಒಂದು ಆಡಳಿತ ಮಂಡಳಿಯ ಸಭೆ ಮುಗಿಯುವಷ್ಟರಲ್ಲಿ ಕೆಲಸ ಹೋಗಬಹುದು ಎಂಬುದು ಎಲ್ಲ ಕೋಚ್‌ಗಳಿಗೂ ಮನದಟ್ಟಾಯಿತು.

ಒಳಗೆ ಬರುವ ದಾರಿ

ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಹುಟ್ಟು ಹಾಕಿದವರು, ಇಲ್ಲವೇ ಕಾಕ್ಸ್ ಆಗಿ ದೋಣಿಗೆ ದಿಕ್ಕು ತೋರಿಸಿದವರು. ಕಾಕ್ಸ್‌ಗಳಿಗೆ ಒಂದು ಅನುಕೂಲವಿದೆ. ನಾಲ್ಕು ವರ್ಷ ಎಂಟು ಜನರಿಗೆ ಎದುರಾಗಿ ಕೂತು, ಯಾರ ಹುಟ್ಟು ತಡವಾಗಿ ನೀರಿಗಿಳಿಯಿತು ಎಂಬುದನ್ನು ದೋಣಿಯ ಅಲುಗಾಟದಿಂದಲೇ ಗುರುತಿಸಲು ಅವರು ಕಲಿತಿರುತ್ತಾರೆ.

ಪದವಿ ಮುಗಿಸಿದ ಮೇಲೆ ಹೈಸ್ಕೂಲ್ ತಂಡದಲ್ಲೋ ಊರಿನ ಕ್ಲಬ್ಬಿನಲ್ಲೋ ಕಡಿಮೆ ಸಂಬಳದ ಕೆಲಸ ಹಿಡಿಯುವುದು ಮೊದಲ ಮೆಟ್ಟಿಲು. ಯುಎಸ್‌ರೋಯಿಂಗ್ ಸಂಸ್ಥೆ ಹಂತ ಹಂತವಾಗಿ ಕೋಚಿಂಗ್ ಪ್ರಮಾಣಪತ್ರ ಕೊಡುತ್ತದೆ. ಬಾಸ್ಟನ್‌ನ ಕಮ್ಯುನಿಟಿ ರೋಯಿಂಗ್ ಕ್ಲಬ್ ಕೋಚ್‌ಗಳಿಗೆಂದೇ ‘ಇನ್‌ಸ್ಟಿಟ್ಯೂಟ್ ಫಾರ್ ರೋಯಿಂಗ್ ಲೀಡರ್‌ಷಿಪ್’ ಕಟ್ಟಿದೆ. ಹಿಂದೆ ಕಾಲೇಜುಗಳಲ್ಲಿ ಮೊದಲ ವರ್ಷದವರ ದೋಣಿಗೆ ಪ್ರತ್ಯೇಕ ಸ್ಪರ್ಧೆಯಿತ್ತು, ಪ್ರತ್ಯೇಕ ಕೋಚ್ ಕೂಡ ಇದ್ದರು. ಹೊಸಬರು ಸ್ವತಂತ್ರವಾಗಿ ತಂಡ ನಡೆಸಲು ಕಲಿತದ್ದು ಅಲ್ಲಿಯೇ. ಮೊದಲ ವರ್ಷದವರನ್ನೂ ಮುಖ್ಯ ತಂಡದೊಳಗೇ ಸೇರಿಸಿಕೊಂಡ ಮೇಲೆ ಆ ಮೆಟ್ಟಿಲು ಕಳಚಿತು. ಪುಕ್ಕಟೆ ದುಡಿದು ಅನುಭವ ಗಳಿಸುವ ‘ಸ್ವಯಂಸೇವಕ ಕೋಚ್’ ಎಂಬ ವರ್ಗವನ್ನು ಎನ್‌ಸಿಎಎ ತನ್ನ ಮೊದಲ ದರ್ಜೆಯ ಕಾಲೇಜುಗಳಲ್ಲಿ 2023ರಲ್ಲಿ ರದ್ದು ಮಾಡಿತು. ಈಗ ಬಾಗಿಲು ತೆರೆಯುವುದು ಸಹಾಯಕ ಕೋಚ್ ಹುದ್ದೆಯಿಂದಲೇ.

ಆ ಹುದ್ದೆಯ ದಿನಚರಿಯಲ್ಲಿ ಮೆರುಗು ಕಡಿಮೆ, ಬೆವರು ಜಾಸ್ತಿ. ಬೆಳಕು ಹರಿಯುವ ಮೊದಲೇ ದೋಣಿಮನೆಯ ಬೀಗ ತೆಗೆಯಬೇಕು. ಮೋಟಾರು ಲಾಂಚ್‌ಗೆ ಪೆಟ್ರೋಲ್ ತುಂಬಬೇಕು. ಹುಟ್ಟನ್ನು ಹಿಡಿದಿಡುವ ರಿಗರ್‌ನ ಸಡಿಲವಾದ ನಟ್ಟುಗಳನ್ನು ಸ್ಪ್ಯಾನರ್ ಹಿಡಿದು ಬಿಗಿ ಮಾಡಬೇಕು. ಸ್ಪರ್ಧೆಗೆ ಹೊರಟರೆ, ಸುಮಾರು ಅರವತ್ತು ಅಡಿ ಉದ್ದದ ದೋಣಿಗಳನ್ನು ಹೇರಿದ ಟ್ರೇಲರನ್ನು ಹೆದ್ದಾರಿಯಲ್ಲಿ ಎಳೆದೊಯ್ಯುವ ಕೆಲಸವೂ ಸಾಮಾನ್ಯವಾಗಿ ಕಿರಿಯ ಕೋಚ್‌ನ ಪಾಲಿಗೇ ಬರುತ್ತದೆ.

ಎಂಟು ಸೀಟಿನ ಲೆಕ್ಕ

ಲೈಟ್‌ವೇಟ್ ಕೋಚ್ ತನ್ನ ತಲೆ ಓಡಿಸುವುದು ಹೇಗೆ ಎಂದು ತಿಳಿಯಲು ‘ಸೀಟ್ ರೇಸ್’ ನೋಡಬೇಕು. ನಾಲ್ಕು ಜನರ ಎರಡು ದೋಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದೇ ಸ್ಟ್ರೋಕ್ ವೇಗದಲ್ಲಿ ಮೂರ‍್ನಾಲ್ಕು ನಿಮಿಷ ಓಡಿಸುತ್ತಾರೆ. ಮೊದಲ ದೋಣಿ ಒಂದು ಸೆಕೆಂಡ್ ಅಂತರದಲ್ಲಿ ಗೆದ್ದಿತು ಎನ್ನಿ. ಎರಡೂ ದೋಣಿಗಳನ್ನು ನೀರಿನ ನಡುವೆಯೇ ಹತ್ತಿರ ತಂದು, ಒಬ್ಬೊಬ್ಬರನ್ನು ಅದಲು ಬದಲು ಮಾಡುತ್ತಾರೆ. ಯಾರನ್ನು ಬದಲಿಸುತ್ತಾರೆಂದು ಆ ಕ್ಷಣದವರೆಗೂ ಹೇಳುವುದಿಲ್ಲ. ಮತ್ತೆ ಓಡಿಸಿದಾಗ ಎರಡನೇ ದೋಣಿ ಒಂದೂವರೆ ಸೆಕೆಂಡ್‌ನಿಂದ ಗೆದ್ದರೆ, ಒಟ್ಟು ವ್ಯತ್ಯಾಸ ಎರಡೂವರೆ ಸೆಕೆಂಡ್. ಮೊದಲನೆಯದರಿಂದ ಎರಡನೆಯದಕ್ಕೆ ಹೋದ ಹುಡುಗ ಅಷ್ಟು ವೇಗವನ್ನು ತನ್ನ ಜೊತೆ ಒಯ್ದ ಎಂದರ್ಥ.

ಹೆವಿವೇಟ್‌ನಲ್ಲಾದರೆ ಕಥೆ ಇಲ್ಲಿಗೆ ಮುಗಿಯಿತು. ಲೈಟ್‌ವೇಟ್‌ನಲ್ಲಿ ಇನ್ನೊಂದು ಕೂಡು-ಕಳೆ ಬಾಕಿ ಇರುತ್ತದೆ. ಸರಾಸರಿ 155 ಎಂದರೆ ಎಂಟು ಜನರ ಒಟ್ಟು ತೂಕ 1,240 ಪೌಂಡ್. ನಾಲ್ವರು 160ರ ಅಂಚಿನಲ್ಲಿದ್ದರೆ ಉಳಿದ ನಾಲ್ವರ ಸರಾಸರಿ 150ಕ್ಕೆ ಇಳಿಯಲೇಬೇಕು. ಸೀಟ್ ರೇಸ್ ಗೆದ್ದವನು 159, ಸೋತವನು 154 ಎಂದಾದರೆ ಆ ಐದು ಪೌಂಡನ್ನು ಬೇರೆ ಸೀಟಿನಿಂದ ಹುಡುಕಿ ತೆಗೆಯಬೇಕು. ಅದಕ್ಕಾಗಿ ಕೈಬಿಟ್ಟವನ ಜೊತೆ ಎಷ್ಟು ವೇಗ ಹೋಗುತ್ತದೆ? ಈ ಲೆಕ್ಕ ಸರಿಹೋಗುವವರೆಗೆ ದೋಣಿಯ ಪಟ್ಟಿ ಅಂತಿಮವಾಗುವುದಿಲ್ಲ. ನೆಲದ ಮೇಲೆ ಹುಟ್ಟು ಹಾಕುವ ಅಭ್ಯಾಸಕ್ಕಿರುವ ಎರ್ಗ್ ಯಂತ್ರದಲ್ಲಿ ಎಲ್ಲರಿಗಿಂತ ಚುರುಕಾದ ಎಂಟು ಜನರನ್ನು ಆರಿಸಿ ಕೂರಿಸುವ ಸುಲಭದ ದಾರಿ ಇಲ್ಲಿಲ್ಲ. 148 ಪೌಂಡ್‌ನ ಗಟ್ಟಿಗ ಸಿಕ್ಕರೆ ಅವನು ಚಿನ್ನ. ಅವನಿದ್ದರೆ ಇನ್ನೊಬ್ಬ ಬಲಶಾಲಿಗೆ ಜಾಗವಾಗುತ್ತದೆ.

ತೂಕದ ಹೊಣೆ

ಈ ಲೆಕ್ಕದ ಕತ್ತಲೆಯ ಮಗ್ಗುಲನ್ನು ಹೇಳದೆ ಬಿಡುವಂತಿಲ್ಲ. ಕಾಗದದ ಮೇಲೆ ಐದು ಪೌಂಡ್ ಕಳೆಯುವುದು ಸುಲಭ. ಇಪ್ಪತ್ತರ ಹುಡುಗನ ಮೈಯಿಂದ ಕಳೆಯುವುದು ಅಷ್ಟು ಸುಲಭವಲ್ಲ. ಊಟ ಬಿಟ್ಟು, ನೀರು ಬಿಟ್ಟು ತೂಕ ಇಳಿಸಿದರೆ ಏನಾಗಬಹುದು ಎಂಬುದು ಅಮೆರಿಕಕ್ಕೆ ಗೊತ್ತು. 1997ರ ಕೊನೆಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಸತ್ತರು. ಆಮೇಲೆ ಎನ್‌ಸಿಎಎ ಕುಸ್ತಿಯ ನಿಯಮಗಳನ್ನೇ ಬದಲಿಸಿತು. ಲೈಟ್‌ವೇಟ್ ರೋಯಿಂಗ್‌ಗೂ ಅದು ಪಾಠ. ಒಳ್ಳೆಯ ತಂಡಗಳಲ್ಲಿ ಯಾರು ಎಷ್ಟರವರೆಗೆ ತೂಕ ಇಳಿಸಬಹುದು ಎಂಬುದನ್ನು ವೈದ್ಯರೂ ಆಹಾರತಜ್ಞರೂ ಋತುವಿನ ಆರಂಭದಲ್ಲೇ ನೋಡುತ್ತಾರೆ. ಕೋಚ್ ಆ ಗೆರೆ ದಾಟುವುದಿಲ್ಲ. ಸಹಜವಾಗಿ 170 ಪೌಂಡ್ ಇರಬೇಕಾದ ಹುಡುಗನಿಗೆ ‘ನೀನು ಹೆವಿವೇಟ್ ಕಡೆ ಹೋಗು’ ಎಂದು ಹೇಳಿ, ಒಳ್ಳೆಯ ಆಟಗಾರನನ್ನು ಕಳೆದುಕೊಳ್ಳುವ ಗಟ್ಟಿತನ ಈ ಕೆಲಸಕ್ಕೆ ಬೇಕು.

ಆಟಗಾರರನ್ನು ತರುವುದು

ಸಹಾಯಕ ಕೋಚ್‌ನ ಅರ್ಧ ಸಮಯ ಹೋಗುವುದು ನೀರಿನ ಮೇಲಲ್ಲ, ಫೋನಿನಲ್ಲಿ. ಹೈಸ್ಕೂಲ್ ಹುಡುಗರ ಎರ್ಗ್ ಸಮಯ, ಎತ್ತರ, ತೂಕ, ಪರೀಕ್ಷೆಯ ಅಂಕ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕು. ಐವಿ ಲೀಗ್‌ನಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಆದ್ದರಿಂದ ಓದಿನಲ್ಲಿ ಹಿಂದೆ ಬಿದ್ದವನನ್ನು ಕರೆತರುವುದು ಕಷ್ಟ. ಹದಿನೇಳರ ಹುಡುಗ ಇಪ್ಪತ್ತೊಂದರಲ್ಲಿ ಎಷ್ಟು ತೂಗುತ್ತಾನೆ ಎಂದು ಊಹಿಸುವುದು ಅದಕ್ಕಿಂತ ಕಷ್ಟ. ಅಪ್ಪನ, ಅಣ್ಣನ ಮೈಕಟ್ಟು ಹೇಗಿದೆ ಎಂದು ಕೇಳಿ ತಿಳಿಯಬೇಕಾದ ಸಂದರ್ಭಗಳೂ ಬರುತ್ತವೆ.

ಮುಂದೆ ಎಲ್ಲಿಗೆ?

ಒಂದು ದಾರಿ ಹೆವಿವೇಟ್ ಕಡೆಗೆ. ಸ್ಟೀವ್ ಗ್ಲ್ಯಾಡ್‌ಸ್ಟೋನ್ 1970ರ ಆಸುಪಾಸಿನಲ್ಲಿ ಹಾರ್ವರ್ಡ್ ಲೈಟ್‌ವೇಟ್ ತಂಡವನ್ನು ಗೆಲ್ಲಿಸಿ ಹೆಸರು ಮಾಡಿದರು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಬ್ರೌನ್, ಕೊನೆಗೆ ಯೇಲ್‌ನ ಹೆವಿವೇಟ್ ತಂಡಗಳನ್ನು ನಡೆಸಿ 2023ರಲ್ಲಿ ನಿವೃತ್ತರಾದರು. ಗ್ರೆಗ್ ಹ್ಯೂಸ್ 2009ರಲ್ಲಿ ಪ್ರಿನ್ಸ್‌ಟನ್ ಲೈಟ್‌ವೇಟ್ ತಂಡವನ್ನು ಐಆರ್‌ಎ ಚಾಂಪಿಯನ್ ಮಾಡಿ, ಅದೇ ವಿಶ್ವವಿದ್ಯಾಲಯದ ಹೆವಿವೇಟ್ ತಂಡದ ಹೊಣೆ ಹೊತ್ತರು. ಇನ್ನೊಂದು ದಾರಿ ಅಲ್ಲೇ ಬೇರೂರುವುದು. ಚಾರ್ಲಿ ಬಟ್ ಹಾರ್ವರ್ಡ್ ಲೈಟ್‌ವೇಟ್‌ನಲ್ಲೇ ಮೂರು ದಶಕದ ಹತ್ತಿರ ಕಳೆದರು. 2013ರಲ್ಲಿ ಅಲ್ಲಿನ ಹೆವಿವೇಟ್ ಕೋಚ್ ಹ್ಯಾರಿ ಪಾರ್ಕರ್ ತೀರಿಕೊಂಡ ಮೇಲಷ್ಟೇ ಹೆವಿವೇಟ್‌ಗೆ ಬಂದರು. ಹಿರಿಯರು ಹೀಗೆ ದಶಕಗಟ್ಟಲೆ ಕೂತರೆ ಕಿರಿಯರಿಗೆ ಕಾಯುವ ಕಾಲವೂ ಉದ್ದವಾಗುತ್ತದೆ. ಮಹಿಳೆಯರ ಮುಕ್ತ ತೂಕದ ತಂಡಗಳ ಕಡೆ ಹೊರಳುವವರು ಹೆಚ್ಚಾಗಿರುವುದು ಇದರಿಂದಲೇ. ಅಲ್ಲಿ ಹುದ್ದೆಗಳು ಎಷ್ಟೋ ಪಟ್ಟು ಹೆಚ್ಚು.

ಒಲಿಂಪಿಕ್ಸ್ ಎಂಬ ಆಕರ್ಷಣೆಯೂ ಈಗಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಒಳಬಂದ ಲೈಟ್‌ವೇಟ್ ಸ್ಪರ್ಧೆಗಳು 2024ರ ಪ್ಯಾರಿಸ್‌ನೊಂದಿಗೆ ಮುಗಿದವು. ಭಾರತಕ್ಕೂ ಇದು ನಷ್ಟ. ಟೋಕಿಯೋದಲ್ಲಿ 11ನೇ ಸ್ಥಾನ ಪಡೆದ ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಜೋಡಿ ಸ್ಪರ್ಧಿಸಿದ್ದು ಲೈಟ್‌ವೇಟ್ ಡಬಲ್ ಸ್ಕಲ್ಸ್‌ನಲ್ಲೇ. ಕಾಲೇಜು ಸ್ಪರ್ಧೆಗಳು ಒಲಿಂಪಿಕ್ಸ್‌ಗಿಂತ ಹಳೆಯ ಪೈಪೋಟಿ ಮತ್ತು ಹಳೆಯ ವಿದ್ಯಾರ್ಥಿಗಳ ದೇಣಿಗೆಯ ಮೇಲೆ ನಿಂತಿರುವುದರಿಂದ ಸದ್ಯಕ್ಕೆ ಉಳಿದಿವೆ.

ಕೆಲಸ ಒಪ್ಪುವ ಮುನ್ನ

ಈ ದಾರಿ ಹಿಡಿಯುವವರು ಸಂದರ್ಶನದಲ್ಲಿ ಸಂಬಳದ ಜೊತೆಗೆ ಮೂರು ಪ್ರಶ್ನೆ ಕೇಳಬೇಕು. ಈ ಹುದ್ದೆಗೆ ದತ್ತಿನಿಧಿ ಇದೆಯೇ, ಅಥವಾ ಪ್ರತಿವರ್ಷದ ಬಜೆಟ್ಟಿನ ಮೇಲೆ ನಿಂತಿದೆಯೇ? ದತ್ತಿ ಇದ್ದ ಹುದ್ದೆಯನ್ನು ಕಿತ್ತುಹಾಕುವುದು ಕಷ್ಟ. ಒಬ್ಬ ವಿದ್ಯಾರ್ಥಿಯ ಕನಿಷ್ಠ ತೂಕವನ್ನು ನಿರ್ಧರಿಸುವವರು ಯಾರು? ಉತ್ತರ ‘ಕೋಚ್’ ಎಂದಾದರೆ ಎಚ್ಚರವಾಗಿರಿ. ಮೂರನೆಯದು, ಸಹಾಯಕನಿಗೆ ಎರಡನೇ ದೋಣಿಯನ್ನಾದರೂ ಸ್ವಂತವಾಗಿ ಕಟ್ಟಲು ಬಿಡುತ್ತಾರೆಯೇ? ಸೀಟ್ ರೇಸ್ ನಡೆಸಿ, ತೂಕ ಕೂಡಿಸಿ ಕಳೆದು, ಪಟ್ಟಿಯ ಕೆಳಗೆ ಸ್ವತಃ ಸಹಿ ಹಾಕದೆ ಈ ಕೆಲಸ ಕಲಿಯಲಾಗುವುದಿಲ್ಲ. ಇಷ್ಟು ಕಡಿಮೆ ಹುದ್ದೆಗಳಿರುವ ಕ್ಷೇತ್ರದಲ್ಲಿ, ಟ್ರೇಲರ್ ಓಡಿಸುವುದಕ್ಕಷ್ಟೇ ಕರೆಯುವ ಹೆಸರಾಂತ ತಂಡಕ್ಕಿಂತ ದೋಣಿಯೊಂದನ್ನು ನಂಬಿ ಕೈಗೆ ಕೊಡುವ ಸಣ್ಣ ತಂಡವೇ ಲೇಸು.