ಎದೆಯ ಮೇಲೊಂದು ಹಿಗ್ಗುವ ಪಟ್ಟಿ

ಮುಂಗಾರು ಹಿಡಿಯಿತೆಂದರೆ ಆಲೂರು ತಾಲ್ಲೂಕಿನ ಪಾಳ್ಯದ ಕಡೆ ಮಕ್ಕಳಿಗೆ ಕೆಮ್ಮು-ನೆಗಡಿಯ ಕಾಲ. ಕೂಸಿಗೆ ಬಂದದ್ದು ಬರೀ ಶೀತವೋ, ನ್ಯುಮೋನಿಯಾವೋ ಎಂದು ತಿಳಿಯಲು ಆಶಾ ಕಾರ್ಯಕರ್ತೆಗಿರುವ ಮೊದಲ ದಾರಿ ತೀರ ಸರಳ: ಅಂಗಿ ಎತ್ತಿ, ಎದೆ-ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುವುದು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಾದರೆ 50, ಒಂದರಿಂದ ಐದು ವರ್ಷದೊಳಗಿನದಾದರೆ 40 ಮುಟ್ಟಿತೆಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆದರೆ ಅಳುವ, ಒದ್ದಾಡುವ ಕೂಸಿನ ಉಸಿರು ಎಣಿಸಿ ನೋಡಿದವರಿಗೇ ಗೊತ್ತು, ಲೆಕ್ಕ ಎಷ್ಟು ಬೇಗ ತಪ್ಪುತ್ತದೆಂದು.

ಈ ಎಣಿಕೆಯನ್ನು ಮೈಗೆ ಅಂಟಿಸಿದ ತೆಳ್ಳನೆಯ ಪಟ್ಟಿಯೊಂದು ಮಾಡಬಲ್ಲುದು. ತತ್ವ ಹಳೆಯದೇ. ತಂತಿಯನ್ನು ಎಳೆದರೆ ಅದು ಉದ್ದವಾಗುತ್ತದೆ, ಸಣ್ಣಗಾಗುತ್ತದೆ. ವಿದ್ಯುತ್ತಿಗೆ ಒಡ್ಡುವ ರೋಧ ಹೆಚ್ಚುತ್ತದೆ. ಲಾರ್ಡ್ ಕೆಲ್ವಿನ್ ಇದನ್ನು 1856ರಲ್ಲೇ ಗುರುತಿಸಿದ್ದರು. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಬೇರೆ ಬೇರೆಯಾಗಿಯೇ ಸ್ಟ್ರೇನ್ ಗೇಜ್ ರೂಪಿಸಿದರು. ಸೇತುವೆಗೆ, ವಿಮಾನದ ರೆಕ್ಕೆಗೆ ಅದು ಚೆನ್ನಾಗಿ ಒಗ್ಗಿತು, ಚರ್ಮಕ್ಕೆ ಒಗ್ಗಲಿಲ್ಲ. ಲೋಹದ ಹಾಳೆ ನೂರಕ್ಕೆ ಕೆಲವೇ ಪಾಲು ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ಮಂಡಿ ಮಡಚಿದರೆ ಅಲ್ಲಿನ ಚರ್ಮ ಅದರ ಎಷ್ಟೋ ಪಟ್ಟು ಹಿಗ್ಗುತ್ತದೆ.

1953ರಲ್ಲಿ ವಿಟ್ನಿ ಎಂಬವರು ಪಾದರಸ ತುಂಬಿದ ರಬ್ಬರ್ ಕೊಳವೆಯನ್ನು ಕೈಕಾಲಿಗೆ ಸುತ್ತಿ ರಕ್ತದ ಹರಿವು ಅಳೆದರು. ಜಾಣ ಉಪಾಯ, ಆದರೆ ಒಡೆದರೆ ವಿಷ! 2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಸಿಲಿಕೋನ್ ರಬ್ಬರಿನ ಮೇಲೆ ಚಿನ್ನದ ಅತಿ ತೆಳುವಾದ ಪದರ ಕೂಡಿಸಿದರು. ಐದನೆಯ ಒಂದು ಪಾಲು ಎಳೆದರೂ ವಿದ್ಯುತ್ ಹರಿಯಿತು. ಚಿನ್ನ ಬಿರಿಯುವುದೇನೋ ನಿಜ. ಬೇಸಿಗೆಯಲ್ಲಿ ಬಿರಿದ ಗದ್ದೆಯನ್ನು ಬಿರುಕು ತಪ್ಪಿಸಿ ದಾಟುವಂತೆ ವಿದ್ಯುತ್ತೂ ಸುತ್ತಿ ಬಳಸಿ ದಾಟುತ್ತದೆ. ಎಳೆದಷ್ಟೂ ದಾರಿ ಸುತ್ತು, ರೋಧ ಹೆಚ್ಚು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ರಾಜಣ್ಣ ಅವರ ತಂಡ ಉಸಿರನ್ನು ಹಿಡಿಯಲು ಬೇರೆ ಹಾದಿ ತುಳಿಯಿತು. ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಹಾಳೆಯ ತುಣುಕನ್ನು ಮೂಗಿನ ಬಳಿ ಇರಿಸಿದರೆ ಉಸಿರಿನ ಗಾಳಿಗೆ ಅದು ಬಾಗುತ್ತದೆ. ಬಾಗಿದಾಗ ತಾನೇ ಪುಟ್ಟ ವಿದ್ಯುತ್ ಸಂಜ್ಞೆ ಹೊಮ್ಮಿಸುತ್ತದೆ.

ರಬ್ಬರ್ ಪಟ್ಟಿಗೊಂದು ದೋಷವಿದೆ. ಎಳೆದು ಬಿಟ್ಟಾಗ ಅದು ಮೊದಲಿನ ಅಳತೆಗೆ ಸರಿಯಾಗಿ ಮರಳದು. ಕೀಲು ಎಷ್ಟು ಮಡಚಿತೆಂದು ಅಳೆಯುವವರಿಗೆ ಇದು ದೊಡ್ಡ ತಲೆನೋವು. ಉಸಿರೆಣಿಕೆಗೆ ಅಷ್ಟಲ್ಲ, ಅಲ್ಲಿ ಬೇಕಾದದ್ದು ಏರಿಳಿತ ಎಷ್ಟು ಬಾರಿ ಎಂಬುದು, ಎಷ್ಟು ಎತ್ತರ ಎಂಬುದಲ್ಲ. ಅಲ್ಲಿನ ಕಾಟವೇ ಬೇರೆ: ಮಗುವಿನ ಅಳು, ಹೊರಳಾಟಗಳನ್ನೂ ಪಟ್ಟಿ ಉಸಿರೆಂದೇ ಲೆಕ್ಕ ಹಿಡಿದೀತು. ಎರಡನ್ನೂ ಬೇರ್ಪಡಿಸುವುದೇ ಕಷ್ಟದ ಕೆಲಸ.

ಸ್ಟ್ರೇನ್ ಗೇಜಿನ ತತ್ವವನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ದಟ್ಟವಾದ ಪಟ್ಟೆ ತೀಡಿ, ಎರಡೂ ತುದಿಗೆ ಮಲ್ಟಿಮೀಟರಿನ ಕಡ್ಡಿ ಒತ್ತಿ ಹಿಡಿಯಿರಿ. ಪಟ್ಟೆ ಹೊರಮೈಯಾಗುವಂತೆ ಬಾಗಿಸಿದರೆ ರೋಧ ಏರುತ್ತದೆ, ಒಳಮೈಯಾದರೆ ಇಳಿಯುತ್ತದೆ. ಮೀಟರಿನೊಳಗಿನ ಸೆಲ್ಲೇ ಸಾಕು. ಗೋಡೆಯ ಪ್ಲಗ್ಗಿನ ಹತ್ತಿರ ಹೋಗುವುದು ಬೇಡ.