ತಟ್ಟೆ ಹಾಕಿದೆ, ಕುಳಿತುಕೋ!

ಕೊಚ್ಚಿ, ತಿರುವನಂತಪುರಗಳಲ್ಲಿ ಹುಟ್ಟಿ ಬೆಳೆದ ನಮ್ಮ ಯುವಕ ಯುವತಿಯರೇ, ನಿಮ್ಮಲ್ಲಿ ಅನೇಕರಿಗೆ ಪುಟ್ಟ ತಮ್ಮ ತಂಗಿಯರೋ ಅಕ್ಕನ ಮಕ್ಕಳೋ ಇದ್ದಾರೆ. ಆ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮಲಯಾಳ. ಕನ್ನಡ ಕೇಳಿಸುವುದು ಮನೆಯೊಳಗೆ ಮಾತ್ರ. ಊರಿನಿಂದ ಅಜ್ಜಿಯ ಫೋನು ಬಂದರೆ 'ಹೂಂ', 'ಊಹೂಂ' ಎನ್ನುವಷ್ಟಕ್ಕೆ ಮಾತು ಮುಗಿಯುತ್ತದೆ. ಪ್ರೀತಿ ಬೇಕಾದಷ್ಟಿದೆ, ಪದಗಳು ಸಾಲವು.

ಪದ ಕಲಿಸುವುದೆಂದರೆ ಪಟ್ಟಿ ಬಾಯಿಪಾಠ ಮಾಡಿಸುವುದೆಂದು ಭಾವಿಸಬೇಡಿ. ಹೊಸ ಪದದ ಅರ್ಥವನ್ನು ಥಟ್ಟನೆ ಇಂಗ್ಲಿಷಿನಲ್ಲಿ ಹೇಳಿಬಿಡಲೂ ಬೇಡಿ. ಅಕ್ಕಪಕ್ಕದ ಮಾತುಗಳಿಂದ ಮಗುವೇ ಊಹಿಸಲಿ. 'ಪಾಚಿ' ಎಂದರೆ ಅದಕ್ಕೆ ತಿಳಿಯದು. ಮಳೆಗಾಲದಲ್ಲಿ, "ಮೆಟ್ಟಿಲ ಮೇಲೆ ಪಾಚಿ ಕಟ್ಟಿದೆ, ಹಸಿರಾಗಿದೆ ನೋಡು, ಕಾಲಿಟ್ಟರೆ ಜಾರುತ್ತೆ" ಎನ್ನಿ. ಜಾಗ, ಬಣ್ಣ, ಜಾರಿಕೆ, ಹೀಗೆ ಮೂರು ಸುಳಿವು ಸಿಕ್ಕಿದವು. "ಹಾಗಾದರೆ ಪಾಚಿ ಅಂದರೇನು?" ಎಂದು ಕೇಳಿ. ಬರೇ "ಪಾಚಿ ನೋಡು" ಎಂದರೆ ಯಾವ ಮಗುವೂ ಊಹಿಸಲಾರದು.

ಕೇರಳದಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ಹಳಗನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ 'ಪ' ಅನೇಕ ಕಡೆ 'ಹ' ಆಯಿತು; ಮಲಯಾಳದಲ್ಲಿ 'ಪ' ಹಾಗೆಯೇ ಉಳಿಯಿತು. ಅವರ ಪಾಲ್ ನಮ್ಮ ಹಾಲು, ಅವರ ಪೂವು ನಮ್ಮ ಹೂವು. ಅವರ 'ವ' ಎಷ್ಟೋ ಕಡೆ ನಮ್ಮಲ್ಲಿ 'ಬ': ವಾಯ್ ಬಾಯಿ, ವಳ ಬಳೆ. ಓಣಂ ಸಮಯದಲ್ಲಿ ತೃಶ್ಶೂರಿನ ಪುಲಿಕಳಿ ಟೀವಿಯಲ್ಲಿ ಬಂದಾಗ ಮಂಗಳೂರಿನ ಹುಲಿವೇಷದ ಮಾತು ತೆಗೆಯಿರಿ. ಮಗು ತಾನೇ ನಂಟು ಹಚ್ಚುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿಯೂ ಕನ್ನಡ ಪದಗಳ ಜೊತೆ ಅವುಗಳ ಮಲಯಾಳ, ತಮಿಳು ನಂಟರನ್ನು ಕಾಣಬಹುದು.

ಆದರೆ ಹೋಲಿಕೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಮಲಯಾಳದಲ್ಲಿ 'ಕುಳಿ' ಎಂದರೆ ಸ್ನಾನ, ಕನ್ನಡದಲ್ಲಿ ಗುಂಡಿ. ಅಜ್ಜಿ "ಕುಳಿತುಕೋ" ಎಂದರೆ ಮಗು ಬಚ್ಚಲಿಗೆ ಓಡೀತು! "ತಟ್ಟೆ ಹಾಕಿದೆ, ಬಾ, ಕುಳಿತುಕೋ" ಎಂದರೆ ತಟ್ಟೆಯೇ ಅರ್ಥ ಹೇಳಿಕೊಡುತ್ತದೆ. ಮರುದಿನ ಬಸ್ಸಿನಲ್ಲಿ, "ಸೀಟು ಸಿಕ್ಕಿತು, ಕುಳಿತುಕೋ" ಎನ್ನಿ. ಊಹೆ ಸರಿಯೆಂದು ಮಗುವಿಗೆ ಖಾತ್ರಿಯಾಗುತ್ತದೆ. ಊಹೆ ತಪ್ಪಿದರೆ ನಗಬೇಡಿ. ಇನ್ನೊಂದು ಸುಳಿವು ಕೊಡಿ. ನಕ್ಕರೆ ಮಗು ಮತ್ತೆ ಕನ್ನಡದಲ್ಲಿ ಬಾಯಿಬಿಡಲು ನಾಚುತ್ತದೆ.

ದಿನಕ್ಕೊಂದು ಪದ, ಅದಕ್ಕೆ ಎರಡು ಮೂರು ವಾಕ್ಯ ಸಾಕು. ಇದಕ್ಕೆ ಪುಸ್ತಕ ಬೇಡ, ದುಡ್ಡು ಬೇಡ. ನಿಮಗೇ ಪದ ತೋಚದಿದ್ದರೆ ಅಮ್ಮನನ್ನೋ ಅಪ್ಪನನ್ನೋ ಕೇಳಿ. ಮಗುವಿನ ನೆಪದಲ್ಲಿ ನಿಮ್ಮ ಕನ್ನಡವೂ ಬೆಳೆಯಲಿ.